ಸತ್ತ ಮನೆಯಲ್ಲಿ ‘ಬರ್ತೀನಿ’

ಗ್ರಾಮಾಭಿವೃದ್ಧಿಯ ತರಬೇತಿಗೆಂದು ಡೆನ್ಮಾರ್ಕಿನಿಂದ ಮೊನ್ನೆಯಷ್ಟೇ ಬಂದಿಳಿದ ಕರೀನ್‌ಗೆ ನಾನು ದುಭಾಷಿ. ಇವತ್ತು ಹುಳಿಯಾರಿನ ಹತ್ತಿರದ ಹಟ್ಟಿಯೊಂದರಲ್ಲಿ, ವಾಂತಿಭೇದಿಯಿಂದ ಮಗು ತೀರಿಕೊಂಡ ಮನೆಗೆ ಹೋಗಿದ್ದೆವು. ತಾಯಿಯ ಮಡಿಲಲ್ಲಿದ್ದ ಇನ್ನೊಂದು ಮಗುವಿಗೂ ಅದೇ ಕಾಯಿಲೆ ಹತ್ತಿತ್ತು. ನಾವು ಒಯ್ದಿದ್ದ ಔಷಧಿ ಇವತ್ತಿಗಷ್ಟೇ ಸಾಕಾಯಿತು.

ಹೊರಡುವಾಗ ಕರೀನ್ ಕೈಮುಗಿದು, ಬಸ್ಸಿನ ಹೆಂಗಸರಿಂದ ಕಲಿತಿದ್ದ ಒಂದೇ ಒಂದು ಕನ್ನಡದ ಮಾತನ್ನು ಹೇಳಿಬಿಟ್ಟಳು: “ಬರ್ತೀನಿ.”

ಬಾಗಿಲಲ್ಲಿ ಕೂತಿದ್ದ, ಆ ತಾಯಿಯ ಅತ್ತೆ ಎದ್ದು ನಿಂತಳು. “ಸತ್ತ ಮನೇಲಿ ಬತ್ತೀನಿ ಅಂತಾರೇನೇ? ಇನ್ನೊಂದು ಹೆಣ ನೋಡಕ್ಕೆ ಬತ್ತೀಯಾ?”

ಏನೆಂದರು ಎಂದು ಕರೀನ್ ನನ್ನನ್ನು ಕೇಳಿದಳು.

ತಾಯಿ ಮಗುವಿನ ತುಟಿ ಒರೆಸುತ್ತ, ತಲೆಯೆತ್ತದೆ ಅಂದಳು: “ಸುಮ್ಕಿರು ಅತ್ತೆ. ನಾಳಿಕ್ಕೂ ಔಷ್ದಿ ಬೇಕು. ಅಕ್ಕಾ, ಬತ್ತೀನಿ ಅಂತ ಇನ್ನೊಂದ್ಸಲ ಅವ್ರ ಕೈಲಿ ಹೇಳ್ಸಿ.”