ಕರ್ಚಿಕಾಯಿಯ ಗಡ್ಡೆ

ಮೊನ್ನೆ ಸಂತೆಯ ಚೀಲವನ್ನು ಹೆಂಡತಿ ಮೊರಕ್ಕೆ ಸುರಿದಾಗ ಸೊಪ್ಪಿನ ಕೆಳಗಿಂದ ಒಂದು ಹಸಿರು ಕಹಿವಾಸನೆ ಎದ್ದಿತು. ಕರ್ಚಿಕಾಯಿ. ಕೊಬ್ಬರಿ ತುಂಬಿ ಕರಿಯುವ ಸಿಹಿತಿಂಡಿ ಎಂದುಕೊಂಡೀರಿ, ಅದಲ್ಲ. ಮಳೆ ಬಿದ್ದೊಡನೆ ನಮ್ಮ ಎರೆಹೊಲಗಳಲ್ಲಿ ತಾನಾಗಿ ಹಬ್ಬುವ ಬಳ್ಳಿಯ ಕಾಯಿ ಇದು. ಹೆಬ್ಬೆರಳ ತುದಿಯಷ್ಟು ಗಾತ್ರ, ಮೈತುಂಬ ಗೀರು. ಮೈಸೂರು ಕಡೆಯ ನೆರೆಯವರು ಇಣುಕಿ, "ಹಾಗಲಕಾಯಿ ಮರಿಗಳಾ?" ಎಂದರು. ಈ ವಯಸ್ಸಿನಲ್ಲಿ ನನಗೆ ಸಿಟ್ಟು ಬರಿಸುವ ಸಂಗತಿಗಳು ಕಡಿಮೆ, ಆದರೆ ಇದು ಅವುಗಳಲ್ಲೊಂದು. ಅರ್ಧ ತಾಸು ಪಾಠ ಮಾಡಿಬಿಟ್ಟೆ. ಮುಗಿಯುವಷ್ಟರಲ್ಲಿ, ಈ ಬಳ್ಳಿಯನ್ನು ನನಗೆ ಮೊದಲು ತೋರಿಸಿದ ನೀಲವ್ವ ನೆನಪಾದಳು.

ಎಪ್ಪತ್ತರ ದಶಕದ ನಡುವೆ ನಾನು ಸಿಂದಗಿಯಲ್ಲಿ ಸಸ್ಯಶಾಸ್ತ್ರ ಕಲಿಸುವ ಹೊಸ ಮಾಸ್ತರ. ಕಾಲೇಜಿನ ಕಪಾಟಿನಲ್ಲಿ ಪೂರ್ವ ಆಫ್ರಿಕದ ಬಳ್ಳಿಗಳ ಬಗ್ಗೆ ಒಂದು ಹಳೆಯ ಪುಸ್ತಕ ಸಿಕ್ಕಿತು. ಹಾಗಲದ ದಾಯಾದಿಗಳೇ ಅದರಲ್ಲಿ ಹತ್ತಾರು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ಒಂದು ಚಿತ್ರ ನೋಡಿ ದಂಗಾದೆ. ನಮ್ಮ ಕರ್ಚಿಕಾಯಿಯೇ ಅಲ್ಲಿ ಕೂತಿತ್ತು. ಸಮುದ್ರ ದಾಟಿ ಅದು ಇಲ್ಲಿಗೆ ಬಂದಿತೋ, ಇಲ್ಲಿಂದ ಅಲ್ಲಿಗೆ ಹೋಯಿತೋ? ತಲೆಗೆ ಹುಳ ಹೊಕ್ಕಿತು. ಗುರುತು ಹಿಡಿಯಲು ಪುಸ್ತಕ ಎರಡು ದಾರಿ ಹೇಳಿತ್ತು. ಹಾಗಲದ ಹೂವಿನ ದೇಟಿನ ಮೇಲೆ ಪುಟ್ಟದೊಂದು ಎಲೆ ಇರುತ್ತದೆ, ಇದಕ್ಕೆ ಇರುವುದಿಲ್ಲ. ಹಾಗಲ ಬೀಜದಿಂದ ಹುಟ್ಟಿ ಅದೇ ವರ್ಷ ಸಾಯುತ್ತದೆ, ಇದು ಮಣ್ಣೊಳಗಿನ ಗಡ್ಡೆಯಿಂದ ಪ್ರತಿ ಮಳೆಗಾಲ ಏಳುತ್ತದೆ.

ನಾಗರ ಪಂಚಮಿಗೆ ವಾರವಿರುವಾಗ ಆ ಬಳ್ಳಿ ಹುಡುಕುತ್ತ ಹತ್ತಿರದ ಮೋರಟಗಿಯಲ್ಲಿ ಬಸ್ಸಿಳಿದೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನೀಲವ್ವ ಎಂಬ ನಡುವಯಸ್ಸಿನ ಹೆಂಗಸು ನನ್ನ ಪ್ರಶ್ನೆ ಕೇಳಿ ಸೆರಗಿನಲ್ಲೇ ನಕ್ಕಳು. "ಇದನ್ ನೋಡಾಕ ಸಿಂದಗಿಂದ ಬಂದೀರೇನ್ರಿ?" ಎನ್ನುತ್ತ ಬಳ್ಳಿ ತೋರಿಸಿದಳು. ದೇಟು ಬೋಳಾಗಿತ್ತು. ಒಂದು ಗುರುತು ಕೂಡಿತು. ಗಡ್ಡೆ ಐತೇನು ಎಂದೆ.

"ಐತ್ರಿ. ನಮ್ಮತ್ತಿ ಕಾಲದ್ದು. ಎತ್ತು ಕಟ್ಟಿ ಕುಂಟಿ ಹೊಡಿವಾಗ ಈ ಜಾಗಾ ಬಿಟ್ಟ ಹೊಡಸ್ತೇನಿ. ಅದನ್ನೊಂದು ಅಗಿಬ್ಯಾಡ್ರಿ. ದೇವಣಗಾಂವಕ್ಕ ಕೊಟ್ಟ ಮಗಳು ಪಂಚಮಿಗೆ ಬರ್ತಾಳ. ಅಕಿ ಅತ್ತಿ ಮನ್ಯಾಗ ಇದನ್ನ ಯಾರೂ ತಿನ್ನಂಗಿಲ್ಲ. ವರ್ಷಕ್ಕೊಮ್ಮೆ ಇಲ್ಲೇ ತಿಂತಾಳ."

ಹೂಂ ಅಂದೆ. ಅವಳು ನನಗೇ ಕುಡಿಯುವ ನೀರು ತರಲು ಬಾವಿಯತ್ತ ಹೋದಳು. ಬೇರಿಲ್ಲದ ಮಾದರಿ ಮಾದರಿಯೇ ಅಲ್ಲ ಎಂದು ನನಗೆ ಕಲಿಸಿದ್ದರು, ಸಣ್ಣ ಗುದ್ದಲಿ ಚೀಲದಲ್ಲೇ ಇತ್ತು. ಗಡ್ಡೆ ಕೈಗೆ ಬಂದಾಗ, ಸುಳ್ಳೇಕೆ ಹೇಳಲಿ, ಕುಣಿಯುವಷ್ಟು ಖುಷಿಯಾಯಿತು. ಅದು ಎರಡು ತುಂಡಾಗಿದ್ದು ಆಮೇಲೆ ಕಂಡಿತು.

ತಂಬಿಗೆ ಹಿಡಿದು ಬಂದವಳು ಗುಣಿ ನೋಡಿದಳು. ಬೈಯಲಿಲ್ಲ. "ಬಾಯಿಲೆ ಹೇಳಿದ್ನೆಲ್ರಿ ಗಡ್ಡಿ ಐತಿ ಅಂತ. ನಂಬಲಿಲ್ಲೇನು?" ಎಂದಳು. ನೀರು ಕೊಟ್ಟಳು. ನಾಚಿಕೆಗೇಡಿ ನಾನು, ಕುಡಿದೆ.

ಪಂಚಮಿಯ ಮರುದಿನ, ಒಣಗಿಸಿ ದಪ್ಪ ಹಾಳೆಗೆ ಅಂಟಿಸಿದ ಆ ಬಳ್ಳಿಯನ್ನು ಹಿಡಿದು ಅವರ ಮನೆಗೆ ಹೋದೆ. ತಪ್ಪೊಪ್ಪಿಕೊಳ್ಳಲೋ ಜಾಣತನ ತೋರಿಸಲೋ, ಈಗಲೂ ಹೇಳಲಾರೆ. ಮಗಳು ಶಾಂತವ್ವ ಸಾಲಿ ಕಲಿತವಳು. ಹಾಳೆಯ ಮೂಲೆಯ ಚೀಟಿ ಓದಿದಳು. ಬಳ್ಳಿಯ ಹೆಸರು, ಊರು, ತಾನಾಗಿ ಬೆಳೆದದ್ದು ಎಂಬ ಷರಾ, ತಂದವರು ಅಂತ ನನ್ನ ಹೆಸರು.

"ತಾನಾಗಿ ಎಲ್ಲಿ ಬೆಳದೈತ್ರಿ, ಸರ್? ನಮ್ಮವ್ವ ಇಷ್ಟ ವರ್ಷ ಕಾಯ್ಕೊಂಡ ಬಂದಾಳ. ಅಕಿ ಹೆಸರ ಇದರಾಗ ಎಲ್ಲೈತಿ?"

ಅಲ್ಲೇ ಪೆನ್ನು ತೆಗೆದು ನೀಲವ್ವನ ಹೆಸರು ಸೇರಿಸಿದೆ. ಕಾಲೇಜಿಗೆ ಬಂದರೆ ನಮ್ಮ ವಿಭಾಗದ ಹಿರಿಯರು, "ಶಾಸ್ತ್ರದೊಳಗ ನೀಲವ್ವ ಯಾರ್ರೀ?" ಎಂದು ನಕ್ಕು, ಆ ಹೆಸರಿಲ್ಲದ ಹೊಸ ಚೀಟಿ ಬರೆಯಲು ಹೇಳಿದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬರೆದೆ. ಮೋರಟಗಿಗೆ ಮತ್ತೆ ಹೋಗುವ ಧೈರ್ಯ ಬರಲಿಲ್ಲ.

ಮೊನ್ನೆ ಕರ್ಚಿಕಾಯಿ ಪಲ್ಯದ ಮೊದಲ ತುತ್ತಿಗೇ ತಟ್ಟೆ ಸರಿಸಿದೆ. ಎದ್ದು ಬಂದು ಬರೆಯಲು ಕೂತೆ. ಆ ಹಾಳೆ ಯಾವ ಕಪಾಟಿನಲ್ಲಿದೆಯೋ, ಹುಳು ತಿಂದವೋ ತಿಳಿಯದು. ಅದರ ಚೀಟಿಯನ್ನು ಇಲ್ಲಿ ತಿದ್ದುತ್ತಿದ್ದೇನೆ, ನೀವೇ ಸಾಕ್ಷಿ. ಊರು ಮೋರಟಗಿ. ಕಾಯ್ದವಳು ನೀಲವ್ವ. ಕಿತ್ತವನು ನಾನು.