ಹೋಳಿಗೆ ತಿಂದವರ ಸಹಿ

ಹೋದ ವಾರ ಕಡಲಾಚೆಯ ಈ ಊರಾದ ಲೋವರ್ ಹಟ್‌ನ ನಮ್ಮ ಕ್ಲಿನಿಕ್ಕಿನ ಟೀ ಕೋಣೆಯಲ್ಲಿ ಐದು ಜನ ಕೂತಿದ್ದೆವು. ಔಷಧ ಪ್ರಯೋಗದ ಕೆಲಸ ಕಲಿಯಲು ಬಂದ ನಾಲ್ವರು ಹೊಸ ನರ್ಸುಗಳು, ಅವರಿಗೆ ಕಲಿಸಬೇಕಾದ ನಾನು. ಮೇಜಿನ ಮೇಲೆ ನನ್ನ ಸ್ಟೀಲಿನ ಡಬ್ಬಿ, ಅದರ ತುಂಬ ಕೋಡುಬಳೆ. ಒಬ್ಬಳು ಮುಚ್ಚಳದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದದ್ದನ್ನು ಬೆರಳಿನಿಂದ ಸವರುತ್ತಾ, ಇದೇನು ಚಿತ್ತಾರ ಎಂದು ಕೇಳಿದಳು. ಚಿತ್ತಾರವಲ್ಲ, ಪಾತ್ರೆ ಅಂಗಡಿಯಲ್ಲಿ ಹಾಕಿಸಿದ ಹೆಸರು ಎಂದೆ. ಯಾರ ಹೆಸರು ಎಂದಳು. ಡಬ್ಬಿಯನ್ನು ನನ್ನತ್ತ ಎಳೆದುಕೊಂಡು ಹೇಳತೊಡಗಿದೆ.

ನಮಗೆಲ್ಲ ಅವರು ಆಂಟಿ. ಗದಗಿನ ಕಡೆಯವರು, ಅಲ್ಲೇ ನರ್ಸಿಂಗ್ ಕಲಿತವರು. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷಗಳಾಗಿದ್ದಾಗ, ಮೈಸೂರಿನಿಂದ ಬಂದ ನನ್ನನ್ನು ಕೈಕೆಳಗೆ ತೆಗೆದುಕೊಂಡರು. ಆಗ ಇಲ್ಲಿ ಪ್ರಯೋಗ ನಡೆಸಲು ಡಾಕ್ಟರು ಸಿಗುತ್ತಿದ್ದರು, ನಡೆಸಿಕೊಂಡು ಹೋಗುವವರು ಸಿಗುತ್ತಿರಲಿಲ್ಲ. ಜನರನ್ನು ಹುಡುಕುವುದು, ತಿಳಿಸಿ ಹೇಳುವುದು, ರಕ್ತ ತೆಗೆಯುವುದು, ಬರೆದಿಡುವುದು, ಎಲ್ಲಕ್ಕೂ ಆಂಟಿ ಒಬ್ಬರೇ. "ನಾ ನಾಳೆ ಸತ್ರ ಈ ಫೈಲ್ ಯಾರ್ ತೆರೀತಾರ? ಅದಕ್ಕ ಲಗೂನ ಕಲಿಯವಾ," ಎನ್ನುತ್ತಿದ್ದರು. ಅವರ ಮನೆಯಲ್ಲಿ ಉಂಡಷ್ಟು ನಾನು ನನ್ನ ಫ್ಲಾಟಿನಲ್ಲಿ ಉಂಡಿಲ್ಲ.

ಅವರದೊಂದು ಪದ್ಧತಿಯಿತ್ತು. ಒಪ್ಪಿಗೆ ಪತ್ರಕ್ಕೆ ಸಹಿಯಾದ ಮೇಲೂ, ಮೊದಲ ಗುಳಿಗೆ ಕೊಡುವ ಮುಂಚೆ, ಸಹಿ ಹಾಕಿಸಿಕೊಳ್ಳದ ಇನ್ನೊಬ್ಬರು ಹೋಗಿ ಕೂತು, ನಿಮಗೇನು ಅರ್ಥವಾಯಿತು, ನಿಮ್ಮ ಮಾತಿನಲ್ಲೇ ಹೇಳಿ ಎಂದು ಕೇಳಬೇಕು. ಆ ಇನ್ನೊಬ್ಬಳು ನಾನು.

ಸಕ್ಕರೆ ಕಾಯಿಲೆಯ ಹೊಸ ಗುಳಿಗೆಯೊಂದರ ಪ್ರಯೋಗ ನಡೆದಿತ್ತು. ಗಡುವಿನೊಳಗೆ ಇನ್ನೂ ಒಬ್ಬ ರೋಗಿ ಸೇರದಿದ್ದರೆ ನಮ್ಮ ಕ್ಲಿನಿಕ್ಕಿನಲ್ಲಿ ಅದನ್ನು ಮುಚ್ಚುತ್ತಿದ್ದರು. ಅದು ಮುಚ್ಚಿದರೆ ನನ್ನ ಕೆಲಸವೂ ಮುಗಿಯಿತು. ಅಂಥ ಹೊತ್ತಿನಲ್ಲಿ ದೇವರು ಕಳಿಸಿದ ಹಾಗೆ ಸಿಕ್ಕವರು ಸಾಹೇಬರು. ಹಾವೇರಿಯಲ್ಲಿ ಬಟ್ಟೆ ಅಂಗಡಿ ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಮಗನ ಕುಟುಂಬದ ಜೊತೆ ಬಂದು ನೆಲೆಸಿದ್ದ ಹಿರಿಯರು. ಆಂಟಿಯ ಎರಡು ಮನೆ ಆಚೆ ಅವರ ಮನೆ. ಈದ್‌ಗೆ ಅಲ್ಲಿಂದ ಸುರಕುಂಬಾ ಪಾಯಸ ಬರುತ್ತಿತ್ತು. ಡಬ್ಬಿ ಖಾಲಿ ಹಿಂದಿರುಗಿಸಬಾರದಲ್ಲ, ಇಲ್ಲಿಂದ ಶೇಂಗಾ ಹೋಳಿಗೆ ಹೋಗುತ್ತಿತ್ತು. ಸಕ್ಕರೆ ಕಾಯಿಲೆಯವರಿಗೆ ಹೋಳಿಗೆಯೇ, ಆಂಟಿ, ಎಂದು ನಾನು ಕೇಳಿದರೆ, "ಅರ್ಧಾ ತಿಂತಾರ ಬಿಡವಾ, ಅರ್ಧಾ ಮೊಮ್ಮಕ್ಕಳು ತಿಂತಾವ," ಎಂದು ನಕ್ಕುಬಿಡುತ್ತಿದ್ದರು.

ಆಂಟಿ ಒಂದು ಗಂಟೆ ಕೂತು, ಅಚ್ಚ ಕನ್ನಡದಲ್ಲಿ, ಒಂದು ಸಾಲೂ ಬಿಡದೆ ಅವರಿಗೆ ವಿವರಿಸಿದರು. ಸಾಹೇಬರು ಗಡ್ಡ ಸವರುತ್ತಾ ತಲೆಯಾಡಿಸಿದರು. ಸಹಿಯಾಯಿತು. ನಾನು ಊರಿಗೆ ಫೋನ್ ಮಾಡಿ, ಕೆಲಸ ಉಳಿಯಿತಮ್ಮ ಎಂದೂ ಹೇಳಿಬಿಟ್ಟೆ.

ವಾರದ ಮೇಲೆ ಮೊದಲ ಗುಳಿಗೆಯ ದಿನ. ನಾನು ಎದುರು ಕೂತು, ನಿಮಗೇನು ಅರ್ಥವಾಯಿತು ಹೇಳಿ ಎಂದೆ. ಸಾಹೇಬರು ಸಂಕೋಚದಿಂದ ನಕ್ಕರು.

"ಕಾಗದಾ ನಾ ಲಕ್ಷ್ಯ ಕೊಟ್ಟ ಕೇಳಲಿಲ್ಲವಾ. ನನ್ನ ತಂಗಿ ಅಂಥಾಕಿ ಕೇಳಿದ್ಲು, ಹಾಕಿದೆ. ವರ್ಷಾ ವರ್ಷಾ ಹೋಳಿಗಿ ಕಳಸೂ ಕೈಗೆ ಒಲ್ಲೆ ಅನ್ನಾಕ ಆಗತೈತೇನು?"

ನಾನು ಪೆನ್ನು ಕೆಳಗಿಟ್ಟೆ. ಅವರು ದನಿ ತಗ್ಗಿಸಿದರು. "ಒಂದ ಸಂಕಟ ಐತಿ. ಗುಳಿಗಿ ಮೂರೂ ಹೊತ್ತು ಉಂಡ ಮ್ಯಾಲೆ ನುಂಗಬೇಕಂತ. ರಮಜಾನ್ ಬಂತು. ಡಾಕ್ಟರ್ನ ಕೇಳಿ ಮೊದಲಿಂದ ರೋಜಾ ಉಪಾಸ ಹಿಡಕೋತ ಬಂದೇನಿ. ಈ ಸಲ ಬಿಡಬೇಕಲಾ ಅಂತ ರಾತ್ರಿ ನಿದ್ದಿ ಇಲ್ಲ. ಆಕಿಗೆ ಹೇಳಬ್ಯಾಡ ಮತ್ತ, ಬ್ಯಾಸರಾ ಮಾಡ್ಕೋತಾಳ."

ಆಕೆ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಗುಳಿಗೆಯ ಪೆಟ್ಟಿಗೆ. ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ... ಕೆನ್ನೆಗೆ ಹೊಡೆಸಿಕೊಂಡವರ ಮುಖ. ಮೂವತ್ತು ವರ್ಷ ಜನರ ಕೈ ಹಿಡಿದು ಸೂಜಿ ಚುಚ್ಚಿದ ಹೆಂಗಸು ಅವರು. ಆಮೇಲೆ ಒಳಗೆ ಬಂದು, ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಸಾಹೇಬರ ಮುಂದೆ ಕೂತು ಹೇಳಿದರು: "ಅಣ್ಣಾ, ನೀವು ಒಲ್ಲೆ ಅಂದ್ರೂ ಮುಂದಿನ ಸಲ ಹೋಳಿಗಿ ಬರತಾವ. ಈಗ ಹೇಳ್ರಿ."

ಸಾಹೇಬರು ನೆಲ ನೋಡುತ್ತಾ, "ಒಲ್ಲೆವಾ," ಎಂದರು.

ಡಾಕ್ಟರು ಒಪ್ಪಲಿಲ್ಲ. ಸಹಿಯಿದೆ, ತಾರೀಖಿದೆ, ಇನ್ನೊಮ್ಮೆ ಕೂರಿಸಿ ಮಾತಾಡಿ, ರಮಜಾನಿಗೆ ಏನಾದರೂ ದಾರಿ ಇದೆಯೇ ಎಂದು ಔಷಧ ಕಂಪನಿಯವರನ್ನು ಕೇಳೋಣ ಎಂದರು. ಆಂಟಿ ಇಂಗ್ಲಿಷಿನಲ್ಲಿ ಅವರಿಗೆ ಏನು ಹೇಳಿದರೋ, ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಸಹಿ ಐತಿ, ಒಪ್ಪಿಗಿ ಇಲ್ಲ." ತಪ್ಪಿನ ವರದಿಯನ್ನು ತಾವೇ ಬರೆದರು. ಕಾರಣ ಎಂಬಲ್ಲಿ ತಮ್ಮ ಹೆಸರನ್ನೇ ಹಾಕಿದರು. ನಾನು ದಂಗಾಗಿ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ಸಿಟ್ಟೂ ಬಂದಿತ್ತು. ನನ್ನ ಹೊಟ್ಟೆಪಾಡು ನಿಮಗೆ ಕಾಣಿಸಲಿಲ್ಲವೇ ಆಂಟಿ ಎಂದು ಕೇಳಿಯೂ ಬಿಟ್ಟೆ. ಅವರು ವರದಿಯನ್ನು ಫೈಲಿಗೆ ಸೇರಿಸಿದರು.

ಪ್ರಯೋಗ ಮುಚ್ಚಿತು. ನಾನು ದೂರದ ಊರು ಪಾಮರ್ಸ್ಟನ್ ನಾರ್ತ್‌ಗೆ ಹೋಗಿ ವೃದ್ಧಾಶ್ರಮವೊಂದರಲ್ಲಿ ದುಡಿದೆ. ಒಂದು ವರ್ಷದ ಮೇಲೆ ಆಂಟಿಯ ಫೋನ್ ಬಂತು. ದೊಡ್ಡ ಪ್ರಯೋಗವೊಂದು ಬಂದಿದೆ, ಆರು ಜನರನ್ನು ತಯಾರು ಮಾಡಬೇಕು, ಬಾ ಎಂದರು. ಹೋದೆ. ಮೊದಲ ದಿನವೇ ಹೇಳಿದ ನಿಯಮ: ಯಾರ ಮನೆಯ ಊಟ ನಿಮ್ಮ ಹೊಟ್ಟೆಗೆ ಹೋಗಿದೆಯೋ, ನಿಮ್ಮ ಮನೆಯ ಊಟ ಯಾರ ಹೊಟ್ಟೆಗೆ ಹೋಗಿದೆಯೋ, ಅವರ ಸಹಿ ನೀವು ಕೇಳಬಾರದು. ಬೇರೆಯವರನ್ನು ಕಳಿಸಿ. ಉಳಿದವರು ನಕ್ಕರು. ನಾನು ನಗಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ನಾನೇ ಪ್ರಯೋಗಗಳನ್ನು ನೋಡಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಕ್ಯಾನ್ಸರ್ ಔಷಧದ ಪ್ರಯೋಗಕ್ಕೆ ಡಾಕ್ಟರು ಕಳಿಸಿದ ಫೈಲ್ ತೆರೆದೆ. ಆಂಟಿಯ ಹೆಸರು. ಕಾಯಿಲೆಯ ಸುದ್ದಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವರಾಗಲೇ ಕೋಣೆಯಲ್ಲಿ ಕೂತಿದ್ದರು, ಮಡಿಲಲ್ಲಿ ಈ ಡಬ್ಬಿ. ನಾನು ಕಾಗದ ಹಿಡಿದು ಎದುರು ಕೂರಲು ಹೋದೆ.

"ಏಳು. ನನ್ನ ಮನಿ ರೊಟ್ಟಿ ಎಷ್ಟ ತಿಂದೀ, ಲೆಕ್ಕಾ ಐತೇನು? ಹೊರಗ ನಡಿ."

ನಾನು ತಯಾರು ಮಾಡಿದ್ದ ಈ ದೇಶದವಳೇ ಆದ ಹುಡುಗಿಯೊಬ್ಬಳನ್ನು ಒಳಗೆ ಕಳಿಸಿದೆ. ಗೋಡೆಗೆ ಒರಗಿ ಮುಕ್ಕಾಲು ಗಂಟೆ ನಿಂತೆ. ಹ್ಞೂಂ ಅನ್ನಲಿ ದೇವರೇ ಎಂದುಕೊಳ್ಳುತ್ತಲೇ ಇದ್ದೆ. ಹುಡುಗಿ ಹೊರಬಂದು, ಪ್ರತಿ ಪುಟ ಓದಿದರು, ನನಗೆ ಗೊತ್ತಿಲ್ಲದ್ದನ್ನೆಲ್ಲ ಕೇಳಿದರು, ಕೊನೆಗೆ ಬೇಡವೆಂದರು ಎಂದಳು. ಒಳಗೆ ಹೋಗಿ ಬೇಡಿಕೊಳ್ಳಬೇಕೆನಿಸಿತು. ನಾನು ಬೇಡಿಕೊಂಡಿದ್ದರೆ ಅವರು ಒಪ್ಪುತ್ತಿದ್ದರೇನೋ... ಅದಕ್ಕೇ ಹೋಗಲಿಲ್ಲ. ಹೊರಡುವಾಗ ಡಬ್ಬಿಯನ್ನು ನನ್ನ ಕೈಗಿಟ್ಟರು. ಒಳಗೆ ಹೋಳಿಗೆ ಇನ್ನೂ ಬೆಚ್ಚಗಿತ್ತು.

ಚಳಿಗಾಲ ಮುಗಿಯುವುದರೊಳಗೆ ಆಂಟಿ ತೀರಿಕೊಂಡರು. ಡಬ್ಬಿ ನನ್ನಲ್ಲೇ ಉಳಿಯಿತು. ತುಂಬಿಸಿ ಕಳಿಸೋಣವೆಂದರೆ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಹೋದ ವಾರ ಇದನ್ನೆಲ್ಲ ಆ ನಾಲ್ವರಿಗೆ ಹೇಳಿದೆ. ಕೋಡುಬಳೆ ಮುಗಿದಿತ್ತು. ಹೆಸರು ಕೇಳಿದ್ದ ಹುಡುಗಿ ತೊಳೆದು ತರುತ್ತೇನೆಂದು ಡಬ್ಬಿಯನ್ನು ಮನೆಗೆ ಒಯ್ದಳು. ಮಾರನೆಯ ಬೆಳಿಗ್ಗೆ ಅದು ನನ್ನ ಮೇಜಿನ ಮೇಲಿತ್ತು. ಒಳಗೆ, ಅವಳೇ ಮಾಡಿದ ಓಟ್ಸ್ ಬಿಸ್ಕತ್ತು.