ಹಾಜರಿ ಯಂತ್ರಕ್ಕೆ ಹಚ್ಚಿದ ಕುಂಕುಮ

ನಮ್ಮ ಟವೆಲ್ ಕಾರ್ಖಾನೆಯ ಹಾಜರಿ ಯಂತ್ರವನ್ನು ಕೆಡಿಸಿದವಳು ನಾನೇ. ಸಾಹೇಬರಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಕಾರ್ಖಾನೆ ಇರುವುದು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ನನ್ನ ಮನೆ ಅಕ್ಕಲಕೋಟದಲ್ಲಿ. ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಗೇಟಿನ ಪಕ್ಕದ ಕೋಣೆಯಲ್ಲಿ ಕೂತು, ಜನ ಬೆರಳೊತ್ತಿ ಒಳಗೆ ಹೋಗುವುದನ್ನು ನೋಡುವುದು ನನ್ನ ಕೆಲಸ. ಮೊದಲು ಎಲ್ಲರ ಹಾಜರಿಯನ್ನೂ ಕೈಯಿಂದಲೇ ಬರೆಯುತ್ತಿದ್ದೆ. ಯಂತ್ರ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಬರೆದು ಬರೆದು ಅಷ್ಟು ಸಾಕಾಗಿತ್ತು ನನಗೆ.

ಟವೆಲ್ಲಿನ ಅಂಚು ಹೊಲಿಯುವ ಒಬ್ಬ ಹೆಂಗಸಿಗೆ ಮಾತ್ರ ಆ ಯಂತ್ರ ಒಲಿಯಲಿಲ್ಲ. ಸಣ್ಣವಳಿದ್ದಾಗಿನಿಂದ ಬೀಡಿ ಕಟ್ಟಿ ಕಟ್ಟಿ ಅವಳ ಬೆರಳ ತುದಿ ಸವೆದು ನುಣ್ಣಗಾಗಿತ್ತು. ಬೆರಳನ್ನು ತಲೆಗೂದಲಿಗೆ ಉಜ್ಜಿ, ಎಣ್ಣೆ ಹತ್ತಿಸಿಕೊಂಡು ಒತ್ತುತ್ತಿದ್ದಳು. ಒಂದು ದಿನ ಹಿಡಿಯುತ್ತಿತ್ತು, ಒಂದು ದಿನ ಇಲ್ಲ.

"ಅಕ್ಕಾರ, ಇವತ್ತೂ ನನ್ನ ಗುರುತ ಹಿಡೀವಲ್ದು."

"ಬರಕೋತೀನಿ, ಹೋಗು. ಹೊಲಿಗಿ ಮಷಿನ್ ಮ್ಯಾಲ ಕೂಡು."

ಹಾಗೆ ಹಿಡಿಯದ ದಿನ ಅವಳ ಹೆಸರನ್ನು ನಾನು ಬೇರೆ ಹಾಳೆಯಲ್ಲಿ ಬರೆದಿಡಬೇಕಿತ್ತು. ಆಮೇಲೆ ಬರೆದರಾಯಿತು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಫೋನು, ಯಾರದೋ ರಜೆ ಚೀಟಿ, ಯಾರದೋ ಜಗಳ. ಮರೆತುಬಿಡುತ್ತಿದ್ದೆ. ಪಗಾರ ಅವಳು ಹೊಲಿದ ಕಟ್ಟುಗಳ ಚೀಟಿಯ ಮೇಲೆ ಸಿಗುತ್ತಿದ್ದುದರಿಂದ ಅವಳಿಗೂ ಗೊತ್ತಾಗಲಿಲ್ಲ.

ಖಂಡೇನವಮಿಯ ದಿನ ಮಗ್ಗಗಳ ಪೂಜೆ ಮುಗಿಸಿ ಗೇಟಿಗೆ ಬಂದಾಗ ಅವಳು ಅರಿಷಿಣ ಕುಂಕುಮದ ತಟ್ಟೆ ಹಿಡಿದು ಯಂತ್ರದ ಮುಂದೆ ನಿಂತಿದ್ದಳು.

"ಇದಕ್ಕೂ ಒಂದೀಟು ಪೂಜಿ ಮಾಡೂಣ್ರಿ ಅಕ್ಕಾರ. ನನ್ನ ಮ್ಯಾಲ ಸಿಟ್ಟು ಐತಿ ಇದಕ್ಕ."

ನಗು ಬಂತು ನನಗೆ. ಅವಳು ಕುಂಕುಮ ಹಚ್ಚಿ ಚೆಂಡು ಹೂ ಏರಿಸಿದಳು. ನಾನು ಕಾಯಿ ಒಡೆದು, ಮಗ್ಗಗಳಿಗೆ ಚಿಮುಕಿಸಿದ ಹಾಗೆಯೇ ಅದಕ್ಕೂ ಕಾಯಿನೀರು ಚಿಮುಕಿಸಿದೆ. ಕಬ್ಬಿಣದ ಮಗ್ಗಕ್ಕೆ ಅದರಿಂದ ಏನೂ ಆಗುವುದಿಲ್ಲ. ದಸರೆ ಮುಗಿಸಿ ಬಂದು ನೋಡಿದರೆ ಯಂತ್ರದಲ್ಲಿ ಒಂದು ದೀಪವೂ ಹತ್ತಲಿಲ್ಲ. ಇಷ್ಟು ವರ್ಷ ಕೆಲಸ ಮಾಡಿಯೂ ಇಂಥ ದಡ್ಡ ಬುದ್ಧಿ ಬಂತಲ್ಲ ಎಂದು ಹಣೆ ಚಚ್ಚಿಕೊಂಡೆ. ಕರೆಂಟಿನ ಹೆಚ್ಚುಕಡಿಮೆ ಇರಬೇಕು ಎಂದು ಸಾಹೇಬರಿಗೆ ಹೇಳಿ ಕೈತೊಳೆದುಕೊಂಡೆ.

ರಿಪೇರಿಯವನು ಪುಣೆಯಿಂದ ಬರಬೇಕಿತ್ತು. ಫೋನು ಮಾಡಿದಾಗಲೆಲ್ಲ ನಾಳೆ ಎನ್ನುತ್ತಿದ್ದ. ಕಪಾಟಿನಿಂದ ಹಳೆಯ ಹಾಜರಿ ಪುಸ್ತಕ ತೆಗೆದು ಮತ್ತೆ ಬರೆಯತೊಡಗಿದೆ. ಮಣಿಕಟ್ಟು ಹಿಡಿದುಕೊಂಡಿತು, ಕನ್ನಡಕದ ಹಿಂದೆ ಕಣ್ಣು ಉರಿಯಿತು.

ಅದೇ ವಾರ ಸಾಹೇಬರು ದೀಪಾವಳಿಗೆ ಕಾಯಂ ಆಗುವವರ ಪಟ್ಟಿ ಮಾಡಲು ಹೇಳಿದರು. ವರ್ಷದ ಹಾಜರಿ ತುಂಬಿದವರು ಮಾತ್ರ ಕಾಯಂ. ಉಳಿದವರಿಗೆ ನಾಳೆಯಿಂದ ಬರಬೇಡ ಎಂದರೆ ಕೇಳುವವರಿಲ್ಲ. ಯಂತ್ರ ಅಲ್ಲಿಯವರೆಗೆ ಕೊಟ್ಟಿದ್ದ ಕಾಗದಗಳನ್ನು ಹರಡಿಕೊಂಡು ಕೂತೆ. ಅವಳ ಹೆಸರಿನ ಮುಂದೆ ಹನ್ನೊಂದು ದಿನ ಗೈರುಹಾಜರಿ. ಅಷ್ಟೂ ದಿನ ಕಡಿಮೆ ಬಿದ್ದು ಅವಳು ಪಟ್ಟಿಯಿಂದ ಹೊರಗಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ ಅವಳು. ತಪ್ಪಿಸಿದ್ದು ನಾನು.

ಹೊಲಿದ ಪ್ರತಿ ಕಟ್ಟಿಗೂ ತಾರೀಖು ಮತ್ತು ಹೊಲಿದವರ ನಂಬರಿನ ಚೀಟಿ ಇರುತ್ತದೆ. ಹಳೆಯ ಚೀಟಿಗಳನ್ನೆಲ್ಲ ಗೋದಾಮಿನಲ್ಲಿ ಚೀಲಕ್ಕೆ ತುಂಬಿ ಎಸೆದಿರುತ್ತಾರೆ. ಆ ಹನ್ನೊಂದು ದಿನದ ಅವಳ ಚೀಟಿ ಹುಡುಕುತ್ತ ನಾಲ್ಕು ದಿನ ಊಟದ ಬಿಡುವಿನಲ್ಲಿ ಆ ಚೀಲಗಳ ಮುಂದೆ ಕೂತೆ. ನೂಲಿನ ಧೂಳು ಮೂಗಿಗೆ ತುಂಬಿ ಸೀನಿ ಸೀನಿ ಸುಸ್ತಾದೆ. ಎರಡನೆಯ ದಿನ, ಯಾರಿಗೆ ಬೇಕು ಈ ಉಸಾಬರಿ ಎಂದು ಎದ್ದೂ ಬಿಟ್ಟಿದ್ದೆ. ಅಷ್ಟರಲ್ಲಿ ಬೇಕಾದ ತಾರೀಖಿನ, ಅವಳ ನಂಬರಿನ ಇನ್ನೊಂದು ಚೀಟಿ ಸಿಕ್ಕಿತು, ಮತ್ತೆ ಕೂತೆ. ನಾಲ್ಕನೆಯ ದಿನ ಹನ್ನೊಂದನೆಯದೂ ಸಿಕ್ಕಿತು.

ಸಾಹೇಬರು ಚೀಟಿಗಳನ್ನು ಒಂದೊಂದಾಗಿ ನೋಡಿ, ಅವತ್ತಿನದು ಅವತ್ತೇ ಯಾಕೆ ಬರೆಯಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಬರೆದು ಬರೆದು ಬ್ಯಾಸತ್ತಿದ್ದೆ, ಆಮೇಲೆ ಅಂತ ಬಿಟ್ಟು ಮರೆತೆ ಅಂದೆ. ಅವರು ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿ ಸಹಿ ಹಾಕಿದರು. ಅವಳು ಕಾಯಂ ಆದಳು.

ಹನ್ನೊಂದು ದಿನದ ಸಂಗತಿಯನ್ನು ಅವಳಿಗೆ ನಾನೇ ಹೇಳಿದೆ. ಅವಳು ಜಗಳ ತೆಗೆಯಲಿಲ್ಲ. "ಬರಕೋತೀನಿ ಅಂದಿದ್ರಲ್ಲರಿ ಅಕ್ಕಾರ," ಎಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ದೀಪಾವಳಿ ಕಳೆದ ಮೇಲೆ ಮುಖ ನೋಡಿ ಗುರುತು ಹಿಡಿಯುವ ಹೊಸ ಯಂತ್ರ ಬಂತು. ಅವಳು ಸೆರಗು ಸರಿಮಾಡಿಕೊಂಡು ಅದರ ಮುಂದೆ ನಿಂತಳು. ತಕ್ಷಣ ಹಸಿರು ದೀಪ ಹತ್ತಿತು. ಆದರೂ ಅವಳು ಒಳಗೆ ಹೋಗದೆ ನನ್ನ ಕಿಟಕಿಗೆ ಬಂದಳು.

"ಅದು ಏನರ ಅನ್ಲಿ ಅಕ್ಕಾರ. ನೀವು ಬರಕೊಂಡ್ರಿಲ್ಲೊ?"

ಬರಕೋತೀನಿ, ಹೋಗು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆ ಹನ್ನೊಂದು ದಿನವೂ ಅದನ್ನೇ ಹೇಳಿದ್ದೆ. ಹಳೆಯ ಹಾಜರಿ ಪುಸ್ತಕವನ್ನು ಅವಳಿಗೆ ಕಾಣುವಂತೆ ತಿರುಗಿಸಿ, ಅವಳು ನೋಡುತ್ತಿರುವಾಗಲೇ ಬರೆದೆ.